ಮಡಿಚಿಟ್ಟ ಬಟ್ಟೆಪಟ್ಟಿ

ಮಂಚದ ಅಂಚಿನಲ್ಲಿ ಬಿಳಿ ಬಟ್ಟೆಪಟ್ಟಿ, ಅಚ್ಚುಕಟ್ಟಾಗಿ ಮಡಿಚಿಟ್ಟದ್ದು, ರೋಗಿಯ ಮಣಿಕಟ್ಟನ್ನು ಮಂಚಕ್ಕೆ ಬಿಗಿದಿರಬೇಕಾದದ್ದು ಇಲ್ಲೇಕಿದೆ ಅಂದುಕೊಳ್ಳುವಷ್ಟರಲ್ಲಿ ಧಡ್ — ಆಯಾಳ ಜಡೆ ಅವನ ಬಲಮುಷ್ಟಿಗೆ ಸುತ್ತಿಕೊಂಡಿದೆ, ಅವಳ ತಲೆ ಮಂಚದ ಕಬ್ಬಿಣದ ಸರಳಿಗೆ, ಮತ್ತೆ ಸರಳಿಗೆ, ಪಕ್ಕದ ಮಂಚದ ಡ್ರಿಪ್ ಬಿಟ್ಟು ಹಾರಿದ್ದೇನೆ, ಅವನ ತೋಳಿನ ಮೇಲೆ ನನ್ನ ಪೂರಾ ಭಾರ, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸಬೇಕು, ಬಿಡೋ, ಬಿಡು — ಕುಡಿತ ನಿಂತಾಗಿನಿಂದ ಗೋಡೆ ತುಂಬ ಇರುವೆ ಕಾಣುತ್ತಿದ್ದವನು, ಈಗ ಅವಳ ಕೂದಲಲ್ಲೂ ಕಾಣುತ್ತಿವೆ, ಹೊಸಕಿ ಹಾಕ್ತೀನಿ ಅನ್ನುತ್ತಾನೆ, ಬಾಗಿಲಲ್ಲಿ ಅವನ ಹೆಂಡತಿ, ಅವರಿಗೆ ನೋವು ಮಾಡಬೇಡಿ ಸಿಸ್ಟರ್, ಅವರಿಗಂತೆ, ನನ್ನ ಮೊಣಕೈಗೆ ಅವನ ಹಲ್ಲು ನಾಟಿದೆ, ಧಡ್, ಆಯಾಳ ಹುಬ್ಬು ಒಡೆದಿದೆ — ಸ್ವಲ್ಪ ಹೊತ್ತಿನ ಮುಂಚೆ ಅವಳಿಗೆ ನಾನು ಹೇಳಿದ್ದಾದರೂ ಏನು, ಕತ್ತೆತ್ತದೆ, ಡ್ರಿಪ್ಪಿನ ಹನಿ ನೋಡುತ್ತಲೇ, ಅಕ್ಕಾ, ಅವನ ಮೈ ಒರೆಸಿ ಅಂಗಿ ಬದಲಾಯಿಸಿಬಿಡಿ. ಆಯ್ತು ಸಿಸ್ಟರ್, ನಮ್ಮೆಜಮಾನ್ರನ್ನೇ ಮೋರಿಯಿಂದ ಎತ್ತಿ ತೊಳೆದೋಳು ನಾನು, ಇವನ್ಯಾವ ಮಹಾ, ಅವಳು ನಕ್ಕಳು, ನಾನೂ ನಕ್ಕೆ. ಕಟ್ಟು ಬಿಚ್ಚಬೇಡಿ, ನಾನು ಬರೋವರೆಗೆ ತಡೀರಿ — ಬಾಯಲ್ಲಿ ಇಷ್ಟು ಬರಲಿಲ್ಲ. ಕಟ್ಟು ಬಿಚ್ಚುವುದು ನರ್ಸಿನ ಕೆಲಸ, ಅದೂ ಜೊತೆಗೊಬ್ಬರಿದ್ದಾಗ, ಅದು ನನಗೆ ಗೊತ್ತು, ಅವಳಿಗೆ ಗೊತ್ತಿದ್ದದ್ದು ಕೈ ಕಟ್ಟಿದ್ದರೆ ಅಂಗಿ ತೋಳು ಇಳಿಯುವುದಿಲ್ಲ ಅನ್ನುವುದಷ್ಟೇ, ಬಿಚ್ಚಿದಳು, ಬಿಚ್ಚಿದ ಪಟ್ಟಿಯನ್ನು ಒಗೆದ ಬಟ್ಟೆಯ ಹಾಗೆ ಮಡಿಚಿಟ್ಟಳು — ತಮ್ಮನ್ನ ಆಚೆ ಕರ್ಕೊಂಡು ಹೋಗು, ಬಾಗಿಲು ಹಾಕ್ಕೋ, ಅಮ್ಮ ಹೇಳುತ್ತಾಳೆ, ನಾನಿನ್ನೂ ಚಿಕ್ಕವಳು, ಅವಳ ಜಡೆ ಅಪ್ಪನ ಮುಷ್ಟಿಯಲ್ಲಿ, ಹೇಳಿದಷ್ಟೇ ಮಾಡಿದೆ, ಬಾಗಿಲು ಹಾಕಿದೆ, ಒಳಗೆ ಧಡ್ — ಕತ್ತರಿ, ಜೇಬಿನಲ್ಲಿ ಬ್ಯಾಂಡೇಜ್ ಕತ್ತರಿ, ಜಡೆಗೆ ಹಾಕುತ್ತೇನೆ, ಮೊಂಡಾಗಿದೆ ಹಾಳಾದ್ದು, ಕಚ್ ಕಚ್, ನಾರಿನ ಹಾಗೆ ಜಗ್ಗುತ್ತದೆ, ತುಂಡಾಯಿತು, ಅವಳು ನೆಲಕ್ಕೆ ಬಿದ್ದಳು, ಜಡೆ ಮಾತ್ರ ಅವನ ಮುಷ್ಟಿಯಲ್ಲೇ ಉಳಿಯಿತು.

ಗಾರ್ಡಣ್ಣ ಓಡಿಬಂದ, ತೋಳು ಮೇಲೇರಿಸುತ್ತಿದ್ದಾನೆ, ಇವನೂ ಗೊತ್ತಿಲ್ಲದೆ ಎದೆ ಮೇಲೆ ಕೂತುಬಿಟ್ಟರೆ ಉಸಿರೇ ನಿಂತೀತು, ಈ ಸಲ ಬಾಯಿ ಬಿಡು — ಅಣ್ಣಾ, ಮಂಡಿ ಮೇಲೆ ಹಿಡೀರಿ, ಎದೆ ಒತ್ತಬೇಡಿ, ಏನು ಮಾಡ್ತೀರಿ ಹೇಳಿ. ಮಂಡಿ ಹಿಡೀತೀನಿ, ಎದೆ ಒತ್ತಲ್ಲ. ಸರಿ. ಎಷ್ಟು ಸುಲಭ, ಒಂದು ಉಸಿರಿನ ಮಾತು. ಇಂಜೆಕ್ಷನ್ ಇಳಿಯುತ್ತದೆ, ಅವನ ಕೈ ನಿಧಾನ ಸಡಿಲ, ಜಡೆ ಜಾರಿ ನೆಲಕ್ಕೆ, ಆಯಾ ಗೋಡೆಗೊರಗಿ ಮೋಟು ಕೂದಲನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾಳೆ, ಕಣ್ಣೊಳಗೆ ರಕ್ತ ಇಳಿಯುತ್ತಿದೆ, ಅವಳ ಹುಬ್ಬಿಗೆ ಹತ್ತಿ ಒತ್ತಿ ಹಿಡಿದಿದ್ದೇನೆ, ಡಾಕ್ಟರ ಬೂಟು, ಯಾರ್ರೀ ಬಿಚ್ಚಿದ್ದು?

ನಾನೇ ಸಾರ್, ಅನ್ನುತ್ತಾಳೆ ಆಯಾ, ಸಿಸ್ಟರ್ ಬಿಚ್ಚು ಅಂದಿರಲಿಲ್ಲ.

ಹಾಗಿದ್ರೆ ನಾಳೆಯಿಂದ ಬರಬೇಡ, ಅನ್ನುತ್ತಾರೆ ಡಾಕ್ಟರು — ಬಿಚ್ಚಬೇಡ ಅಂತಲೂ ನಾನು ಅಂದಿರಲಿಲ್ಲ, ಹೇಳು, ಗಾರ್ಡಿಗೆ ಹೇಳಿದ ಬಾಯಿ ತಾನೇ, ಹೇಳೇ, ಅವಳು ಎದ್ದು ನಿಲ್ಲುತ್ತಿದ್ದಾಳೆ, ಹತ್ತಿ ಪೂರಾ ಕೆಂಪು, ಬಾಗಿಲು ಹಾಕ್ಕೋ, ಧಡ್, ಹೇಳು — ಮಂಚದ ಅಂಚಿನಲ್ಲಿ ಬಿಳಿ ಬಟ್ಟೆಪಟ್ಟಿ, ಇಷ್ಟೆಲ್ಲ ಆದರೂ ಬೀಳದೆ, ಅಂಚಿಗೆ ಅಂಚು ಕೂಡಿಸಿ, ಮಡಿಚಿಟ್ಟದ್ದು