ಕೆರೆಬಂಗ್ಲೆಯ ಕೆಳಗಿನ ತೋಟ

ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಸೌಮ್ಯ ಕೆರೆಬಂಗ್ಲೆಯ ಗೇಟು ತೆಗೆದಳು. ಆಗಸ್ಟ್ ತಿಂಗಳ ಕೊನೆಯ ಭಾನುವಾರ. ಮನೆಯ ನೋಂದಣಿ ಗುರುವಾರ ಎಂದು ನಿಶ್ಚಯವಾಗಿತ್ತು. ಕೊಳ್ಳುವವರು ಅವಳು ಮತ್ತು ಅವಳ ಗಂಡ ಸಿದ್ದೇಶ್.

ಹನಕೆರೆ ಸ್ಟೇಷನ್ನಿನಿಂದ ಮೂರು ಕಿಲೋಮೀಟರ್ ಒಳಗೆ, ಹುಣಸೆಕೊಪ್ಪಲಿನ ಕೆರೆಯ ದಡದಲ್ಲಿ ಆ ಮನೆ ಇದೆ. ಬಾಗಿಲ ಮೇಲಿನ ಕಲ್ಲಿನಲ್ಲಿ ೧೯೩೮ ಎಂದು ಕೆತ್ತಿದ್ದಾರೆ. ಮುಂದೆಯೂ ಹಿಂದೆಯೂ ಎಂಟೆಂಟು ಬಿಳಿ ಕಂಬಗಳ ಜಗಲಿ, ಒಳಗೆ ಹದಿನಾಲ್ಕು ಅಂಕಣದ ತೊಟ್ಟಿ, ಹಿಂದೆ ಮೂರು ಹಂತವಾಗಿ ಕೆರೆಗೆ ಇಳಿಯುವ ತೋಟ. ಮೇಲಿನ ಹಂತದಲ್ಲಿ ಹುಲ್ಲುಹಾಸು, ನಡುವಿನದರಲ್ಲಿ ಗುಲಾಬಿ ಮತ್ತು ಎರಡು ಸಂಪಿಗೆ ಮರ, ಕೆಳಗಿನದರಲ್ಲಿ ನಂದಿಬಟ್ಟಲ ಸಾಲು ಮತ್ತು ನೀರಿಗೆ ಮುಖಮಾಡಿದ ಕಲ್ಲಿನ ಆಸನಗಳು. ತೋಟ ಹಾಕಿಸಿದ್ದು ೧೯೬೧ರಲ್ಲಿ, ಈಗಿನ ಮಾಲೀಕ ಸ್ವಾಮಿಯ ತಂದೆ. ಸ್ವಾಮಿ ಮಂಡ್ಯದಲ್ಲಿ ಮನೆ ಕಟ್ಟಿಕೊಂಡು ಇಪ್ಪತ್ತು ವರ್ಷವಾಯಿತು. ಭಾನುವಾರ ಬಂದು ಬೀಗ ತೆಗೆದು, ಕಾಫಿ ಕುಡಿದು ಹೋಗುವುದು ಅವನಿಗೂ ಸಾಕಾಗಿತ್ತು.

ಸೌಮ್ಯ ಈ ಮನೆಯನ್ನು ಮೊದಲು ನೋಡಿದ್ದು ಮದುವೆಯಾದ ವರ್ಷ, ಆಚೆ ದಡದಿಂದ. ಕಂಬಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದವು. ಯಾರದ್ದು ಎಂದು ಕೇಳಿದ್ದಳು. ಗಂಡ ಹೇಳಿ, ಮಾತು ಬದಲಾಯಿಸಿದ್ದ. ಅದಾಗಿ ಹದಿನಾರು ವರ್ಷ. ಈಗ ಅವಳು ಮದ್ದೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಡಂ, ಸಿದ್ದೇಶ್ ವಿದ್ಯುತ್ ಕಚೇರಿಯಲ್ಲಿ ಎಂಜಿನಿಯರ್. ಮದ್ದೂರಿನ ಬಾಡಿಗೆ ಮನೆಯ ಅಡುಗೆಮನೆ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ, ಮೂರು ಅಡಿಯ ಆಚೆ.

ಆ ದಿನ ಹುಣಸೆಕೊಪ್ಪಲಿನ ಹಳೆ ಮನೆಯಿಂದ ಮಾವ ದೊಡ್ಡಸಿದ್ದಯ್ಯನನ್ನೂ ಕರೆತಂದಿದ್ದಳು. ಅವನಿಗೆ ಎಂಬತ್ತೆರಡು. ಅದೇ ಊರಿನಲ್ಲಿ ಹುಟ್ಟಿ, ಮೂವತ್ತೆಂಟು ವರ್ಷ ಕೆರೆಯ ನೀರುಗಂಟಿಯಾಗಿದ್ದವನು. ತೂಬು ತೆಗೆಯುವುದು, ಮುಚ್ಚುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಅವನ ಕೆಲಸ, ಅವನಿಗಿಂತ ಮೊದಲು ಅವನಪ್ಪನ ಕೆಲಸ. ಅಷ್ಟು ವರ್ಷದಲ್ಲಿ ಬಂಗ್ಲೆಯ ಮುಂಬಾಗಿಲಿನಿಂದ ಅವನು ಒಳಗೆ ಬಂದದ್ದಿಲ್ಲ.

ಗಿಡಕ್ಕೆ ನೀರು ಬಿಡುತ್ತಿದ್ದ ತೋಟದ ಕರಿಯಯ್ಯ ಪೈಪು ಕೆಳಗಿಟ್ಟ. ಅವನೂ ದೊಡ್ಡಸಿದ್ದಯ್ಯನ ಕೇರಿಯವನೇ, ಓರಗೆಯವನು.

"ಏನ್ಲಾ ದೊಡ್ಡ, ಮುಂಬಾಗ್ಲಲ್ಲೇ ಬಂದ್ಬುಟ್ಟೆ? ಬಂಗ್ಲೆ ಸಾವ್ಕಾರ ಆಗ್ಬುಟ್ಟೆ ಅನ್ನು."

"ಗುರ್ವಾರಕ್ಕೆ ಕಣ್ಲಾ ಆಗಾದು. ಅಲ್ಲೀಗಂಟ ನೀರ್ ಬುಡು, ಗಿಡ ವಣಗ್ತವೆ."

"ಗುರ್ವಾರ ಆದ್ಮೇಲೆ ನನ್ ಸಂಬ್ಳ ಯಾರ್ ಕೊಡೋರು?"

"ನನ್ ಸೊಸೆ. ಲೆಕ್ಕದ್ ಮೇಡಮ್ಮು. ನೀನು ಮಲ್ಗಿದ್ ಹೊತ್ತೆಲ್ಲ ಕಳೆದ್ಬುಡ್ತಾಳೆ."

ಮೂವರೂ ಕೆಳಗಿನ ತೋಟಕ್ಕೆ ಇಳಿದರು. ನಾಲೆಯ ನೀರು, ಮಳೆ ಎರಡೂ ಸೇರಿ ಕೆರೆ ತುಂಬಿತ್ತು. ಕೋಡಿಯ ಮೇಲೆ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕಲ್ಲುಕಟ್ಟೆಯ ಮೇಲೆ, ತೆಳುವಾಗಿ ನೀರು ಬೀಳುತ್ತಿತ್ತು. ಆಸನದ ಮೇಲೆ ಕೂತ ಸೌಮ್ಯಳ ಕಾಲಿನಿಂದ ಒಂದು ಗೇಣು ಕೆಳಗೆ ನೀರು. ಒಂದು ಗುಳುಮುಳುಕ ಹಕ್ಕಿ ಮುಳುಗಿ, ದೂರದಲ್ಲಿ ಎದ್ದಿತು.

"ನೋಡಿ ಮಾವ, ಕೆರೆ ಎಷ್ಟು ತುಂಬಿದ್ರೂ ಸರಿಯಾಗಿ ತೋಟದ ಅಂಚಿಗೇ ನಿಲ್ತದೆ. ಅಳತೆ ಕೊಟ್ಟಂಗೆ."

ದೊಡ್ಡಸಿದ್ದಯ್ಯ ಕೂತಿರಲಿಲ್ಲ. "ಅದು ನಿಂತಿಲ್ಲ ಕಣವ್ವ. ನಿಲ್ಸವ್ರೆ," ಎಂದ.

ಸೌಮ್ಯ ತಿರುಗಿ ನೋಡಿದಳು. ಕರಿಯಯ್ಯ ಏನೋ ನೆನಪಾದವನಂತೆ ಮೇಲಕ್ಕೆ ಹತ್ತಿ ಹೋದ.

ಮಾವ ಹೇಳಿದ್ದು ಇಷ್ಟು. ತೋಟ ಹಾಕಿಸಿದ ಮೊದಲ ಮಳೆಗಾಲದಲ್ಲೇ ಕೆಳಗಿನ ಹಂತ ಮುಳುಗಿತು. ಮುಂದಿನ ಬೇಸಿಗೆ, ಕೆರೆ ಒಣಗಿದ್ದಾಗ, ಸ್ವಾಮಿಯ ತಂದೆ ನೀರುಗಂಟಿಯನ್ನು ಕರೆಸಿ ಕೋಡಿಯ ಮೇಲಿನ ಒಂದು ವರಸೆ ಕಲ್ಲು ಕೀಳಿಸಿದರು. ಒಂದೂವರೆ ಅಡಿ ಎತ್ತರದ ಹದಿನಾಲ್ಕು ಕಲ್ಲು; ಅಷ್ಟು ನೀರು ಕೆರೆಯಲ್ಲಿ ನಿಲ್ಲುವುದು ತಪ್ಪಿತು. ಕೇಳಿದವರಿಗೆ ಕೋಡಿ ರಿಪೇರಿ ಎನ್ನಬೇಕೆಂದು ಅಪ್ಪಣೆಯಾಯಿತು. ಕಿತ್ತವರು ಅವನಪ್ಪ ಮತ್ತು ಇಪ್ಪತ್ತು ವರ್ಷದ ಅವನು. ಹೊತ್ತು ತಂದು ಹಾಕಿದ್ದು ಇಲ್ಲಿಗೇ.

"ನೀನ್ ಕೂತಿದ್ದೀಯಲ್ಲ, ಅದೂ ಒಂದು."

ಸೌಮ್ಯ ಎದ್ದಳು. ಕಲ್ಲಿನ ಪಕ್ಕದಲ್ಲಿ ಅಡ್ಡಕ್ಕೆ ಮೂರು ಗೆರೆ ಕೊರೆದಿತ್ತು. ನೀರು ಎಷ್ಟಿದೆ ಎಂದು ನೋಡಲು ನೀರುಗಂಟಿಗಳು ಮಾಡಿಕೊಂಡ ಗುರುತು.

"ಆ ವರ್ಸದಿಂದ ಕೊನೆಬಯಲ್ಗೆ ಕಡೇ ಸರ್ತಿ ನೀರು ಓಗ್ನಿಲ್ಲ. ಬತ್ತ ಹಾಲು ತುಂಬೋ ಹೊತ್ತಿಗೆ ತೂಬು ವಣಗೋದು. ಕೊಯ್ಲಾದ್ಮೇಲೆ ನಮ್ಮಪ್ಪ ಆಯ ಕೇಳಕ್ಕೆ ಕಣಕ್ಕೆ ಓದ."

ಕೊನೆಬಯಲೆಂದರೆ ಕಾಲುವೆಯ ತುದಿಯ ಗದ್ದೆಗಳು; ಆಯವೆಂದರೆ ನೀರುಗಂಟಿಗೆ ಪ್ರತಿ ಕಣದಲ್ಲೂ ಸಲ್ಲುವ ಭತ್ತದ ಪಾಲು. ಬೇರೆ ಕೂಲಿ ಇರಲಿಲ್ಲ.

"ಮೇಲ್ಬಯಲೋರ್ಗೆ ನೀರು ಮಾರ್ಕೊಂಡ್ಬುಟ್ಟು ನಮ್ಮತ್ರ ಬತ್ತ ಕೇಳ್ತೀಯಾ ಅಂದ್ರು. ಚೀಲ ಕಿತ್ತು ಎಸೆದ್ರು. ನಾನು ಅಲ್ಲೇ ನಿಂತಿದ್ದೆ. ಅಪ್ಪ ಬಾಯ್ ಬುಡ್ನಿಲ್ಲ. ಸಾಯೋಗಂಟ ಅವ್ನ ನೀರ್ಗಳ್ಳ ಅಂದ್ರು."

"ನೀವು ಹೇಳಬಹುದಿತ್ತಲ್ಲ ಮಾವ?"

"ಯಾರ್ಗೆ?"

ಸೌಮ್ಯ ಬ್ಯಾಗಿನಿಂದ ಟೇಪು ತೆಗೆದಳು. ಪರದೆಯ ಅಳತೆಗೆಂದು ತಂದದ್ದು. ನೀರಿನ ಮಟ್ಟದಿಂದ ತೋಟದ ನೆಲಕ್ಕೆ ಒಂಬತ್ತು ಇಂಚು. ಕಲ್ಲಿನ ಎತ್ತರ ಹದಿನೆಂಟು. ಕಲ್ಲು ಕೋಡಿಗೆ ಮರಳಿದರೆ ಕೆಳಗಿನ ತೋಟದ ಮೇಲೆ ಒಂಬತ್ತು ಇಂಚು ನೀರು, ವರ್ಷದಲ್ಲಿ ಮೂರು ನಾಲ್ಕು ತಿಂಗಳು.

"ನೀವೇನು ಮಾಡಬೇಕು ಅಂತೀರಿ?"

"ನಾನೇನೂ ಅನ್ನಲ್ಲ. ಮನೆ ನಿಮ್ದು. ಈ ಕಲ್ ಮೇಲೆ ಮಾತ್ರ ನಾನು ಕೂರಲ್ಲ."

ಸಂಜೆ ಮದ್ದೂರಿನಲ್ಲಿ ಸೌಮ್ಯ ಸಿದ್ದೇಶ್‌ಗೆ ಎಲ್ಲ ಹೇಳಿದಳು. ಅಪ್ಪ ಅವನಿಗೂ ಇದನ್ನು ಹೇಳಿರಲಿಲ್ಲ.

"ಕಲ್ಲು ಎತ್ತಿಸಾಣ. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸೈನ್ ಆಗ್ಲಿ ಮೊದ್ಲು," ಎಂದ. "ಸ್ವಾಮಣ್ಣ ತಲೆ ಕೆಡಿಸ್ಕೊಳ್ಳಲ್ಲ. ಅವರಕ್ಕ ಮಳವಳ್ಳಿ ಯಶೋದಮ್ಮ ಇದ್ದಾರಲ್ಲ, ಮನೆಯಲ್ಲಿ ಅವ್ರಿಗೂ ಪಾಲಿದೆ, ಅವರ ಸೈನೂ ಬೇಕು, ಅವರದೇ ಕಷ್ಟ. ಆ ತೋಟ ಅಂದ್ರೆ ಅವ್ರಿಗೆ ಪ್ರಾಣ. ಹೋದ ತಿಂಗಳು ಒಬ್ಬರು ರೆಸಾರ್ಟ್ ಮಾಡ್ತೀವಿ ಅಂತ ಬಂದಾಗ, ಗಿಡ ಕೀಳೋರಿಗೆ ಕೊಡಲ್ಲ ಅಂತ ವಾಪಸ್ ಕಳಿಸಿದ್ದು ಅವರೇ."

"ನಮಗೆ ಕೊಡೋಕೆ ಒಪ್ಪಿದ್ದು ನಾವು ತೋಟ ಉಳಿಸ್ಕೋತೀವಿ ಅಂದಿದ್ದಕ್ಕೆ. ಅಂದೋಳು ನಾನು."

"ಅದಕ್ಕೇ ಹೇಳ್ತಿರೋದು, ಈಗ ಬಾಯ್ ಬಿಡಬೇಡ ಅಂತ."

"ಸೈನ್ ಹಾಕಿಸ್ಕೊಂಡು ಆಮೇಲೆ ಮುಳುಗಿಸಿದ್ರೆ, ರಿಪೇರಿ ಅಂತ ಹೇಳಿ ಕಲ್ಲು ಕಿತ್ತೋರಿಗೂ ನಮಗೂ ಏನು ವ್ಯತ್ಯಾಸ?"

"ವ್ಯತ್ಯಾಸ ಇದೆ. ನಮಗೆ ಮನೆ ಸಿಗ್ತದೆ," ಎಂದ ಸಿದ್ದೇಶ್. ಹೇಳಿದ ಮೇಲೆ ಅವನಿಗೇ ನಗು ಬಂತು.

ಮಂಗಳವಾರ ಶಾಲೆ ಬಿಟ್ಟ ಮೇಲೆ ಸೌಮ್ಯ ಮಳವಳ್ಳಿ ಬಸ್ಸು ಹತ್ತಿದಳು. ಕೆ.ಎಂ. ದೊಡ್ಡಿ ದಾಟುವವರೆಗೂ ಸೀಟು ಸಿಗಲಿಲ್ಲ. ನಿಂತೇ ಲೆಕ್ಕ ಹಾಕಿದಳು: ಹೇಳದಿದ್ದರೆ ಮನೆ ಖಂಡಿತ, ಹೇಳಿದರೆ ಹತ್ತರಲ್ಲಿ ಎರಡು ಪಾಲು. ಮಕ್ಕಳಿಗೆ ಕಲಿಸುವ ಸಂಭವನೀಯತೆಯ ಪಾಠದಲ್ಲಿ ಇಂಥ ಉದಾಹರಣೆ ಇರಲಿಲ್ಲ.

ಯಶೋದಮ್ಮ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದರು. ಅರವತ್ತೊಂಬತ್ತು ವರ್ಷ, ಕನ್ನಡಕ, ನೇರ ಮಾತು.

"ಈ ಹೊತ್ನಲ್ಲಿ ಬಂದಿದ್ದೀಯ ಅಂದ್ರೆ ರೇಟು ಇಳ್ಸಾಕೆ ಬಂದಿರ್ಬೇಕು. ಕೂತ್ಕೋ. ಕಾಫಿಗೆ ರೇಟಿಲ್ಲ."

"ರೇಟಿನ ಮಾತಲ್ಲಮ್ಮ. ಕೆಳಗಿನ ತೋಟದ್ದು."

ಸೌಮ್ಯ ಮಾವ ಹೇಳಿದಂತೆಯೇ ಹೇಳಿದಳು. ಏನೂ ಸೇರಿಸಲಿಲ್ಲ, ಏನೂ ಬಿಡಲಿಲ್ಲ. ಕೊನೆಗೆ, ಮನೆ ತಮ್ಮದಾದರೆ ಪಂಚಾಯ್ತಿಗೆ ಅರ್ಜಿ ಕೊಟ್ಟು ಕಲ್ಲುಗಳನ್ನು ಕೋಡಿಗೆ ಮರಳಿಸುತ್ತೇವೆ, ಕೆಳಗಿನ ತೋಟ ಉಳಿಯುವುದಿಲ್ಲ ಎಂದಳು.

ಯಶೋದಮ್ಮನ ಕೈ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿರಲಿಲ್ಲ.

"ಒಂದು ಕಲ್ಲಲ್ಲಿ ಮೂರು ಗೆರೆ ಐತೆ," ಎಂದರು.

"ನೋಡಿದೆ."

"ಏನಪ್ಪಾ ಇದು ಅಂತ ಕೇಳಿದ್ದೆ. ನನ್ಗೆ ಆರೇಳು ವರ್ಸ. ಕಲ್ಕುಟಿಗರ ಲೆಕ್ಕ ಮಗಾ ಅಂದ್ರು." ಬಿಡಿಸಿದ ಸೊಪ್ಪನ್ನು ಪಕ್ಕಕ್ಕಿಟ್ಟು ಮತ್ತೆ ಅಂದರು, "ಆ ನಂದಿಬಟ್ಲು ಸಾಲು ನನ್ ಕೈಲೇ ನೆಡ್ಸಿದ್ರು. ಅಷ್ಟೂ ಗಿಡ. ಕೆರೆನೇ ನಮ್ ಬಾಗ್ಲಿಗೆ ಬಂದು ನಿಲ್ತದೆ ನೋಡು, ಅನ್ನೋರು ಬಂದೋರ್ಗೆಲ್ಲ. ನಾನೂ ನನ್ ಮಕ್ಕಳ್ಗೆ ಅಂಗೇ ಹೇಳ್ಕೊಂಡು ಬಂದೆ."

ಕಾಫಿ ಬಂತು. ಸೌಮ್ಯ ಕುಡಿದಳು.

"ನೀನು ಸುಮ್ನಿದ್ದಿದ್ರೆ ನಾನು ಗುರ್ವಾರ ಸೈನ್ ಹಾಕ್ತಿದ್ದೆ ಕಣಮ್ಮ."

"ಗೊತ್ತು."

"ಈಗ ಬರಲ್ಲ. ಸ್ವಾಮಿಗೆ ನಾನೇ ಫೋನ್ ಮಾಡ್ತೀನಿ."

ಏಳೂವರೆಯ ಬಸ್ಸಿಗೆ ಸೌಮ್ಯ ಮದ್ದೂರಿಗೆ ಹಿಂತಿರುಗಿದಳು. ಸಿದ್ದೇಶ್ ಊಟಕ್ಕೆ ಕಾಯುತ್ತಿದ್ದ. ಅವಳ ಮುಖ ನೋಡಿ, ತಟ್ಟೆ ಹಾಕಿದ. ಎರಡು ಮುದ್ದೆ ಉಂಡು ಮುಗಿಸಿದ. ಆಮೇಲೆ, "ಬೇಸಿಗೆಯಲ್ಲಿ ಆ ಮನೆ ತುಂಬಾ ಸೊಳ್ಳೆಯಂತೆ," ಎಂದ.

ಬುಧವಾರ ಸ್ವಾಮಿ ಎರಡು ಸಲ ಫೋನ್ ಮಾಡಿ ಕೂಗಾಡಿದ. ಸತ್ತವರ ಕಥೆಯನ್ನು ಅಕ್ಕನ ಕಿವಿಗೆ ಹಾಕುವ ಅಗತ್ಯವೇನಿತ್ತು ಎಂಬುದು ಅವನ ಪ್ರಶ್ನೆ. ಗುರುವಾರ ನೋಂದಣಿ ಕಚೇರಿಗೆ ಯಾರೂ ಹೋಗಲಿಲ್ಲ. ಸೌಮ್ಯ ಒಂಬತ್ತನೇ ತರಗತಿಗೆ ತ್ರಿಭುಜಗಳ ಪಾಠ ಮಾಡಿದಳು. ಸಂಜೆ ಅಡುಗೆಮನೆ ಕಿಟಕಿ ತೆಗೆಯಲಿಲ್ಲ.

ಶನಿವಾರ ಮಧ್ಯಾಹ್ನ ಕರಿಯಯ್ಯ ಫೋನ್ ಮಾಡಿದ. ಯಶೋದಮ್ಮ ಬೆಳಿಗ್ಗೆಯೇ ಬಂದು ಗಿಡ ಕೀಳಿಸುತ್ತಿದ್ದಾರೆ, ಮೇಡಮ್ಮು ಬರಬೇಕಂತೆ.

ಸೌಮ್ಯ ಹೋದಾಗ ಕೆಳಗಿನ ತೋಟದಲ್ಲಿ ಏಳು ಜನ ಇದ್ದರು. ಮೂವರು ಆಳುಗಳು ನಂದಿಬಟ್ಟಲ ಗಿಡಗಳನ್ನು ಗೆಲ್ಲು ಕತ್ತರಿಸಿ, ಬೇರಿನ ಸುತ್ತ ಮಣ್ಣುಂಡೆ ಉಳಿಸಿ ಎತ್ತಿ, ನಡುವಿನ ಹಂತಕ್ಕೆ ಸಾಗಿಸುತ್ತಿದ್ದರು. ಅರವತ್ತು ವರ್ಷದ ಗಿಡ, ಹತ್ತರಲ್ಲಿ ಆರು ಹಿಡಿದರೆ ಹೆಚ್ಚು ಎಂದು ಕರಿಯಯ್ಯ ಹೇಳಿದ. ದೊಡ್ಡಸಿದ್ದಯ್ಯ ಮೆಟ್ಟಿಲಿನ ಮೇಲೆ ಕೂತಿದ್ದ. ಯಶೋದಮ್ಮ ಕೊನೆಬಯಲಿನ ಶಿವಣ್ಣನನ್ನೂ ಕರೆಸಿದ್ದರು. ಅವನು ಕೆರೆ ಬಳಕೆದಾರರ ಸಂಘದ ಅಧ್ಯಕ್ಷ. ಕಣದಲ್ಲಿ ಚೀಲ ಕಿತ್ತು ಎಸೆದದ್ದು ಅವನ ತಾತ.

ಯಶೋದಮ್ಮ ಪೀಠಿಕೆ ಹಾಕಲಿಲ್ಲ.

"ಶಿವಣ್ಣ, ಇವು ಕೋಡಿ ಕಲ್ಲು. ಕೀಳ್ಸಿದ್ದು ನಮ್ಮಪ್ಪ, ಈ ತೋಟ ಮುಳುಗ್ತದೆ ಅಂತ. ಇವ್ರಪ್ಪ ನಿಮ್ ನೀರು ಮಾರ್ಕೊಂಡಿರ್ಲಿಲ್ಲ. ನಿಮ್ಮ ಬಯಲ್ನಲ್ಲಿ ಯಾರ್ಯಾರು ಅಂಗೆ ಅಂತಾರೋ ಅವ್ರಿಗೆಲ್ಲ ನನ್ ಹೆಸ್ರು ಹೇಳು."

ಶಿವಣ್ಣ ಕಲ್ಲುಗಳನ್ನು ನೋಡಿದ, ದೊಡ್ಡಸಿದ್ದಯ್ಯನನ್ನು ನೋಡಿದ.

"ನಮ್ತಾತ ಓಗಿ ಮೂವತ್ತು ವರ್ಸ ಆಯ್ತು ಕಣಮ್ಮ. ಈಗೇನ್ ಮಾಡನ?"

"ಕಲ್ಲು ಎತ್ತು ಮತ್ತೆ."

"ಪಂಚಾಯ್ತಿಲಿ ಮೀಟಿಂಗ್ ಆಗ್ಬೇಕು."

"ಆಗ್ಲಿ. ನಾನೂ ಬತ್ತೀನಿ."

ಶಿವಣ್ಣ ಮೆಟ್ಟಿಲ ಹತ್ತಿರ ಬಂದು ನಿಂತ. "ಕಾಫಿ ಕುಡ್ದ್ಯಾ ದೊಡ್ಡಣ್ಣ?" ಎಂದು ಕೇಳಿದ. ಅದುವರೆಗೆ ಅವನು ಅಣ್ಣ ಎಂದು ಕರೆದದ್ದಿಲ್ಲ.

"ಆಯ್ತು ಕಣಪ್ಪ. ನಿನ್ದು?" ಎಂದ ದೊಡ್ಡಸಿದ್ದಯ್ಯ.

ಸೌಮ್ಯ ಯಶೋದಮ್ಮನ ಕಡೆ ತಿರುಗಿದಳು.

"ಗುರ್ವಾರ ಹನ್ನೊಂದು ಗಂಟೆ," ಎಂದರು ಯಶೋದಮ್ಮ. "ನಿನ್ ಗಂಡನ್ಗೆ ಹೇಳು, ತಡ ಮಾಡ್ಬಾರ್ದು. ನನ್ಗೆ ಒಂದೂವರೆ ಬಸ್ಸು ತಪ್ಪಿದ್ರೆ ಮತ್ತೆ ಮೂರಕ್ಕೇ."

ಗುರುವಾರ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಹನ್ನೆರಡೂ ಹತ್ತಕ್ಕೆ ನೋಂದಣಿ ಮುಗಿಯಿತು. ಪಂಚಾಯ್ತಿ ಸಭೆ ಒಂದು ಸಲ ಮುಂದಕ್ಕೆ ಹೋಗಿ, ಎರಡನೇ ಸಲ ನಡೆಯಿತು. ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಬಂದ ಮೇಲೆ ಅಕ್ಟೋಬರ್ ಹನ್ನೊಂದರಿಂದ ಹದಿನಾಲ್ಕರವರೆಗೆ ಕಲ್ಲು ಕೂರಿಸುವ ಕೆಲಸವಾಯಿತು. ಹದಿನಾಲ್ಕು ಕಲ್ಲುಗಳಲ್ಲಿ ಒಂದು ಎತ್ತುವಾಗ ಸೀಳಿತು, ಅದರ ಬದಲು ಹೊಸದು ತರಿಸಿದರು. ಇಪ್ಪತ್ತಮೂರರಂದು ಕೆರೆ ಹೊಸ ಮಟ್ಟಕ್ಕೆ ತುಂಬಿ ಕೋಡಿ ಬಿತ್ತು.

ನವೆಂಬರ್ ಮೂರು, ಭಾನುವಾರ, ಸೌಮ್ಯ, ಸಿದ್ದೇಶ್ ಮತ್ತು ದೊಡ್ಡಸಿದ್ದಯ್ಯ ಕೆರೆಬಂಗ್ಲೆಗೆ ವಾಸಕ್ಕೆ ಬಂದರು. ಕೆಳಗಿನ ತೋಟದಲ್ಲಿ ಆ ದಿನ ಹತ್ತು ಇಂಚು ನೀರಿತ್ತು.