ಕಣ್ಣು ಮುಚ್ಚಿ ನುಡಿಸಿದ ಹುಡುಗಿ

ಮಕ್ಕಳಿಗೆ ಆಟ ಆಡಿಸುತ್ತ ಹಾರ್ಮೋನಿಯಂ ಕಲಿಸುತ್ತೇನೆ ಎಂದು ಸಾಗರದಲ್ಲಿ ನನಗೊಂದು ಹೆಸರಿದೆ. ಆ ವಿಶಾಲಮ್ಮನಿಗೆ ಎಷ್ಟು ಉತ್ಸಾಹ, ಎಷ್ಟು ತಾಳ್ಮೆ ಎನ್ನುವವರಿದ್ದಾರೆ. ಉತ್ಸಾಹವೂ ಇಲ್ಲ, ಮಣ್ಣೂ ಇಲ್ಲ. ತಿದಿ ಒತ್ತಿ ಒತ್ತಿ ನನ್ನ ಎಡಭುಜ ಸತ್ತುಹೋಗಿದೆ. ಕೂತಲ್ಲಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ನಾನು ಸುಮ್ಮನೆ ಕೂತಿದ್ದರೂ ಪಾಠ ನಡೆಯಲಿ ಎಂದು ಹುಟ್ಟಿಸಿದ ಆಟಗಳು ಅವು, ಅಷ್ಟೆ.

ನನ್ನಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ಕಂಪನಿ ಸಾಗರದಲ್ಲಿ ಮುಚ್ಚಿತು, ಅಪ್ಪ ಪೆಟ್ಟಿಗೆ ಇಟ್ಟುಕೊಂಡು ಇಲ್ಲೇ ಉಳಿದ, ಅಪ್ಪ ಹೋದ ಮೇಲೆ ಪೆಟ್ಟಿಗೆ ನನ್ನ ಕೊರಳಿಗೆ ಬಿತ್ತು. ಪೆಟ್ಟಿಗೆ ಒಂದೇ, ಮಕ್ಕಳು ಒಂದು ಹಿಂಡು. ಒಬ್ಬಳು ನುಡಿಸುವಾಗ ಉಳಿದವರು ಚಿವುಟುತ್ತಾರೆ, ಜಡೆ ಎಳೆಯುತ್ತಾರೆ. ಅದಕ್ಕೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಪೆಟ್ಟಿಗೆಯ ಮನೆಗಳನ್ನು, ಅಂದರೆ ಬೆರಳಲ್ಲಿ ಒತ್ತುವ ಆ ಕಪ್ಪು ಬಿಳಿ ಪಟ್ಟಿಗಳನ್ನು, ಕಾಲಿಡುವಷ್ಟು ದೊಡ್ಡದಾಗಿ ಬರೆದೆ. ಕುಂಟೆಬಿಲ್ಲೆ ಆಡಿದ ಹಾಗೆ ಕುಂಟುತ್ತ ಹೋಗಬೇಕು, ಯಾವ ಮನೆಗೆ ಕಾಲಿಟ್ಟರೋ ಆ ಸ್ವರ ಹಾಡಬೇಕು. ಹುಣಸೆಬೀಜದ ಒಂದು ಮಗ್ಗುಲನ್ನು ಬೆಳ್ಳಗೆ ಉಜ್ಜಿ ದಾಳ ಮಾಡಿದೆ. ಎಷ್ಟು ಬಿಳಿ ಬಿತ್ತೋ ಅಷ್ಟು ಸಲ ಸರಳೆ ನುಡಿಸಬೇಕು. ಆಮೇಲೆ ಕಣ್ಣು ಕಟ್ಟುವ ಆಟ. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ಪೆಟ್ಟಿಗೆಯ ಮುಂದೆ ಕೂರಿಸುವುದು, ನಾನು ಹೇಳಿದ ಸ್ವರವನ್ನು ಅದು ಬೆರಳಲ್ಲಿ ತಡವಿ ಹುಡುಕುವುದು. ನನಗೆ ಇದೇ ಹೆಚ್ಚು ಇಷ್ಟ, ಯಾಕೆಂದರೆ ಕಣ್ಣು ಕಟ್ಟಿದ ಮಗು ಗಲಾಟೆ ಮಾಡುವುದಿಲ್ಲ.

ಇಷ್ಟೆಲ್ಲ ಯಾತಕ್ಕೆ ಅಂದರೆ, ಹೆಣ್ಣು ನೋಡಲು ಬಂದವರ ಮುಂದೆ ಎರಡು ದೇವರನಾಮ ಹಾಡುವುದಕ್ಕೆ. “ಎರಡು ಸಾಕು ಅಕ್ಕೋರೆ, ಮೂರನೇದು ಯಾರೂ ಕೇಳಲ್ಲ” ಎಂದು ತಾಯಂದಿರು ನನಗೇ ಪಾಠ ಹೇಳುತ್ತಾರೆ. ಮದುವೆ ಗೊತ್ತಾದ ಮರುದಿನದಿಂದ ಹುಡುಗಿ ಈ ಕಡೆ ತಲೆ ಹಾಕುವುದಿಲ್ಲ. ಅವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ, ಮತ್ತೆ ಅದೇ ಎರಡು ಹಾಡು. ಕೇಳಿ ಕೇಳಿ ನನಗೆ ವಾಕರಿಕೆ ಬಂದುಹೋಗಿದೆ, ದೇವರು ಕ್ಷಮಿಸಲಿ.

ತುಂಗಾ ಒಬ್ಬಳು ಹಾಗಲ್ಲ. ತೀರ್ಥಹಳ್ಳಿ ಕಡೆಯಿಂದ ಬಂದು ಇಲ್ಲಿ ಬೇಳೆ ಬೆಲ್ಲದ ಜೀನಸಿ ಅಂಗಡಿ ಇಟ್ಟಿರುವ ಹೂವಪ್ಪನವರ ಮಗಳು. ಎರಡು ಹಾಡು ಕಲಿತಾದ ಮೇಲೂ ಬಂದಳು, ಹತ್ತು ಕಲಿತಾದ ಮೇಲೂ ಬಂದಳು. ಈಚೆಗೆ ಸಣ್ಣ ಮಕ್ಕಳನ್ನು ಅವಳೇ ಕೂರಿಸಿಕೊಳ್ಳುತ್ತಿದ್ದಳು. ನನ್ನ ಹಾಗೆ ಸಿಡುಕುವುದಿಲ್ಲ, ಮಕ್ಕಳಿಗೆ ಅವಳೆಂದರೆ ಪ್ರಾಣ. ಯುಗಾದಿ ಕಳೆದ ಮೇಲೆ ಕ್ಲಾಸನ್ನು ನೀನೇ ನಡೆಸು, ನಾನು ಗೋಡೆಗೆ ಒರಗಿ ಕೂರುತ್ತೇನೆ ಎಂದಾಗ “ಹೂಂ” ಅಂದಳು. ಮುಖ ಅರಳಿತ್ತು. ಅವಳಿದ್ದರೆ ಕ್ಲಾಸು ಉಳಿಯುತ್ತದೆ, ಹೋದರೆ ಬಾಗಿಲು ಹಾಕಬೇಕು. ಇದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ರಿಪ್ಪನ್‌ಪೇಟೆಯಿಂದ ಸಂಬಂಧ ಬಂತು. ಗದ್ದೆ ಇರುವ ಮನೆ, ಒಬ್ಬನೇ ಮಗ. ಕೇಳಿದ್ದೇ ನನಗೆ ಮೊದಲು ನೆನಪಾದದ್ದು ಹಾಕಬೇಕಾದ ಬಾಗಿಲು. ಆದರೂ ಹೂವಪ್ಪ ಕರೆದ ಮೇಲೆ ಹೋಗದಿರಲು ಆಗುತ್ತದೆಯೇ, ಪೆಟ್ಟಿಗೆ ಹೊರಿಸಿಕೊಂಡು ಹೋದೆ. ಹುಡುಗನ ತಾಯಿ ಜಲಜಮ್ಮ, ತಲೆ ಎತ್ತದೆ ಕೂತಿದ್ದ ತುಂಗಾಳ ಮಗ್ಗುಲಲ್ಲಿ ಕೂತು, ಜಡೆ ಮುಟ್ಟಿ, ಕಿವಿಯ ಹತ್ತಿರ ಬಾಗಿ ಏನೋ ಮಾತಾಡಿಸಿದರು. ಆಮೇಲೆ ಹಾಡಲು ಹೇಳಿದರು.

ತುಂಗಾ ಕಣ್ಣು ಮುಚ್ಚಿ ಶುರುಮಾಡಿದಳು. ಪಲ್ಲವಿ ಮುಗಿಯಿತು, ಚರಣ ಮುಗಿಯಿತು, ಕಣ್ಣು ತೆರೆಯಲಿಲ್ಲ. ಮುಗಿದ ಮೇಲೂ ಹಾಗೇ ಕೈಯಲ್ಲಿ ತಡವಿ ಪೆಟ್ಟಿಗೆಯ ಮುಚ್ಚಳ ಹಾಕಿ, ಗೋಡೆ ಸವರಿಕೊಂಡು ಒಳಗೆ ಹೋದಳು. ನಾಚಿಕೆ, ಜೊತೆಗೆ ನನ್ನ ಆಟದ ರೂಢಿ ಎಂದುಕೊಂಡೆ. ಹಾಡು ಮಾತ್ರ ಎಷ್ಟು ಚೆನ್ನಾಗಿ ಬಂತೆಂದರೆ, ವಾಕರಿಕೆ ಬರುವ ಆ ಹಾಡಿಗೇ ನನಗೆ ಕಣ್ಣಲ್ಲಿ ನೀರು ಬಂತು.

ಎರಡು ದಿನ ಬಿಟ್ಟು ಸಂಬಂಧ ತಂದ ಮಾಸ್ತಪ್ಪ ಹೂವಪ್ಪನವರ ಅಂಗಡಿಗೆ ಬಂದ. “ಹುಡುಗಿ ಲಕ್ಷಣವಾಗಿದಾಳಂತೆ, ಹಾಡೂ ಚೆನ್ನಾಗಿತ್ತಂತೆ. ಆದ್ರೆ ಕಣ್ಣು ಕಾಣ್ದಿರೋ ಹುಡುಗೀನ ಹೇಳ್ದೆ ಕೇಳ್ದೆ ತೋರ್ಸೋದಾ ಅಂತ ಕೇಳಿದ್ರು” ಅಂದ. ಅಂಗಡಿಯಲ್ಲಿ ಹೇಳಿದ ಮಾತು ಸಂಜೆಯೊಳಗೆ ಪೇಟೆಯೆಲ್ಲ ತಿರುಗಿತು. ಮರುದಿನ ನನ್ನ ಕ್ಲಾಸಿಗೆ ಅರ್ಧ ಮಕ್ಕಳು ಬರಲಿಲ್ಲ. “ಬಟ್ಟೆ ಕಟ್ಟಿ ಕಟ್ಟಿ ಕಣ್ಣಿಗೆ ಎಂತಾರು ಆದ್ರೆ ಎಂತ ಮಾಡೋದು” ಎಂದು ಒಬ್ಬಳು ತಾಯಿ ಬೀದಿಯಲ್ಲೇ ನಿಲ್ಲಿಸಿ ಕೇಳಿದಳು.

ಹೂವಪ್ಪ ಮನೆಗೇ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ತುಂಗಾಳನ್ನು ಹೊರಗೆ ಬಿಡುತ್ತಿಲ್ಲ, ಅವಳಮ್ಮ ಊಟ ಬಿಟ್ಟು ಮಲಗಿದ್ದಾಳೆ ಎಂದರು. “ಬಟ್ಟೆ ಕಟ್ಟಿದ್ದು ನೀವು, ಬಿಚ್ಚೋದೂ ನೀವೇ. ರಿಪ್ಪನ್‌ಪೇಟೆಗೆ ಹೋಗಿ ನಿಜ ಹೇಳಿ ಬನ್ನಿ ಅಕ್ಕೋರೆ.”

ಹೋಗದೆ ಇದ್ದರೆ ತುಂಗಾ ನನಗೆ ಉಳಿಯುತ್ತಾಳೆ. ಈ ಆಲೋಚನೆ ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಕುರುಡಿ ಎಂಬ ಹೆಸರು ಹೊತ್ತ ಹುಡುಗಿಯ ಕೈಯಲ್ಲಿ ಮಕ್ಕಳಿಗೆ ಪಾಠ ಹೇಳಿಸುತ್ತ ನಾನು ಗೋಡೆಗೆ ಒರಗಿ ಕೂರುವುದು ಹೇಗೆ? ಥೂ, ನನ್ನ ಹಣೆಬರಹವೇ ಎಂದುಕೊಂಡು ಸೀರೆ ಬದಲಿಸಿದೆ.

ಆನಂದಪುರದ ತನಕ ಬಸ್ಸಿನಲ್ಲಿ ನಿಂತೇ ಹೋದೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಮನೆ ಮುಳುಗಿ ಊರು ಬಿಟ್ಟವರ ಪಾತ್ರೆ ಪಡಗ, ಕೋಳಿ, ಬೀಸುಕಲ್ಲು ಎಲ್ಲ ಅದರಲ್ಲೇ. ಒಬ್ಬ ಮುದುಕ ಮನೆಯ ಬಾಗಿಲ ಚೌಕಟ್ಟನ್ನೇ ಬಸ್ಸಿನ ಮೇಲೆ ಕಟ್ಟಿಸಿದ್ದ. ಅದು ಬಿದ್ದೀತೆಂದು ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದ. ಅವನ ಮುಂದೆ ನನ್ನ ಭುಜದ ನೋವು ಹೇಳಿಕೊಳ್ಳುವಂಥದ್ದಲ್ಲ, ಆದರೂ ನೋಯುವುದು ನೋಯುತ್ತಲೇ ಇತ್ತು.

ಜಲಜಮ್ಮನ ಮೇಲೆ ಸಿಟ್ಟು ಇಟ್ಟುಕೊಂಡೇ ಹೋಗಿದ್ದೆ. ಆ ಹೆಂಗಸು ಸಿಟ್ಟಿಗೆ ಒಂದು ಕಾರಣವನ್ನೂ ಕೊಡಲಿಲ್ಲ. ಕಾಲಿಗೆ ನೀರು ಕೊಟ್ಟು, ಮಜ್ಜಿಗೆ ಕೊಟ್ಟು, ಎದುರಿಗೆ ಕೂತು ಕೇಳಿದರು. ಜಗಲಿಯ ಮನೆಗಳು, ಹುಣಸೆಬೀಜ, ಕಣ್ಣಿನ ಬಟ್ಟೆ, ಎಲ್ಲ ಹೇಳಿದೆ. “ನನ್ನ ಸೂಜಿಗೆ ದಾರ ಪೋಣಿಸೋಳು ಅವಳೇ ಜಲಜಮ್ಮ. ನಾನು ಕಾಣದ್ದೂ ಅವಳಿಗೆ ಕಾಣ್ತದೆ. ಬೇಕಿದ್ರೆ ದೇವರ ಮುಂದೆ ಆಣೆ ಮಾಡ್ತೀನಿ” ಅಂದೆ. ದೀಪದ ಹತ್ತಿರ ಕರೆದುಕೊಂಡು ಹೋದರು, ಮಾಡಿದೆ.

ಅವರು ನಕ್ಕುಬಿಟ್ಟರು. “ಅಯ್ಯೋ ಮಾರಾಯ್ತಿ, ನಾವು ಎಷ್ಟು ಸಂಕಟಪಟ್ವಿ ಗೊತ್ತಾ. ನಮ್ಮ ಹುಡುಗ ಎರಡು ದಿನ ಸರಿಯಾಗಿ ಉಣ್ಲಿಲ್ಲ. ನಮ್ಗೆ ಒಪ್ಪಿಗೆ ಅಂತ ಹೂವಪ್ಪನೋರಿಗೆ ಹೇಳಿಬಿಡಿ.” ಹೊರಡುವಾಗ ಕುಂಕುಮ ಕೊಟ್ಟು, ಮಡಿಲಿಗೆ ಒಂದು ತೆಂಗಿನಕಾಯಿ ಹಾಕಿದರು.

ಹೂವಪ್ಪನವರಿಗೆ ಸುದ್ದಿ ಮುಟ್ಟಿಸಿ ಮನೆಗೆ ಬಂದು ಕಾಲು ಚಾಚಿದ್ದೆ, ತುಂಗಾ ಬಂದಳು. ಈಗ ಮನೆಯವರು ಬಿಟ್ಟಿದ್ದರು. ಸಂತೋಷದಿಂದ ಬಂದಿರುತ್ತಾಳೆ ಎಂದುಕೊಂಡು ನಗಲು ನೋಡಿದೆ.

“ಹೋಗಿ ಬಂದ್ರಂತೆ ಅಕ್ಕೋರೆ” ಅಂದಳು.

“ಹೂಂ. ಎಲ್ಲ ಸರಿ ಮಾಡಿ ಬಂದೆ ಕಣೆ.”

ಅವಳು ಹೊಸಿಲ ಮೇಲೆಯೇ ಕೂತಳು. “ನಾನು ಬೇಕಂತಲೇ ಮುಚ್ಚಿದ್ದು.”

ನನಗೆ ಮೊದಲು ತಲೆಗೇ ಹೋಗಲಿಲ್ಲ.

“ಅವ್ರು ನನ್ ಕಿವೀಲಿ ಎಂತ ಹೇಳಿದ್ರು ಗೊತ್ತಾ? ಹಾಡು ಇವತ್ತೊಂದು ದಿನ ಮಗಾ, ನಮ್ಮನೆಗೆ ಬಂದ್ಮೇಲೆ ಇದ್ಯಾವುದೂ ಬೇಕಾಗಲ್ಲ ಅಂದ್ರು. ಪ್ರೀತಿಯಿಂದ್ಲೇ ಅಂದ್ರು. ಬೇಡ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಕಣ್ಣು ಮುಚ್ಚಿದೆ, ಆಮೇಲೆ ತೆಗೀಲೇ ಇಲ್ಲ.”

“ಕುರುಡಿ ಅಂತಾರಲ್ಲೆ ಊರೆಲ್ಲ.”

“ಅನ್ಲಿ. ಪೆಟ್ಟಿಗೆ ನುಡಿಸೋಕೆ ಕಣ್ಣು ಬೇಡ ಅಂತ ನೀವೇ ತೋರ್ಸಿದ್ರಲ್ಲ.”

“ನನ್ ಹತ್ರನಾದ್ರೂ ಹೇಳ್ಬಾರ್ದಿತ್ತಾ?”

“ನಿಮ್ಗೆ ಹೇಳೋಣ ಅಂದ್ರೆ ಹೊರಗೆ ಬಿಡ್ಲಿಲ್ಲ. ಅಷ್ಟರಲ್ಲಿ ನೀವು ಬಸ್ ಹತ್ತಿಬಿಟ್ರಿ.” ಅವಳು ಅಳಲಿಲ್ಲ. ಹೊಸಿಲನ್ನು ಉಗುರಲ್ಲಿ ಕೆರೆಯುತ್ತ ಕೂತಳು.

ನನಗೆ ಅತ್ತುಬಿಡಬೇಕು ಅನ್ನಿಸಿತು. ಹುಡುಗಿ ಒಬ್ಬಳೇ ಹೇಗೋ ಹುಡುಕಿಕೊಂಡ ದಾರಿಗೆ ನಾನು ಬಸ್ಸು ಹತ್ತಿ ಹೋಗಿ, ದೀಪದ ಮುಂದೆ ಆಣೆ ಇಟ್ಟು ಬೇಲಿ ಹಾಕಿ ಬಂದಿದ್ದೆ. ಬಿಚ್ಚಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡೆ. ನೀನು ಇಲ್ಲೇ ಇರು ಎಂದು ಅವಳಿಗೆ ಹೇಳಿ ಪೇಟೆಗೆ ನಡೆದೆ.

ಹೂವಪ್ಪ ಯಾರಿಗೋ ಬೆಲ್ಲ ತೂಗುತ್ತಿದ್ದರು. ನನ್ನನ್ನು ಕಂಡು ಮುಖ ತುಂಬ ನಗುತ್ತ, “ಬನ್ನಿ ಅಕ್ಕೋರೆ, ಬಾಯಿ ಸಿಹಿ ಮಾಡ್ಕಳಿ, ಎಲ್ಲ ನಿಮ್ಮಿಂದ್ಲೇ” ಎಂದರು. ಗಿರಾಕಿ ಹೋಗುವ ತನಕ ಕಾದು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಮುಖ ನೋಡಲು ಆಗಲಿಲ್ಲ. ತಕ್ಕಡಿಯನ್ನು ನೋಡುತ್ತ ಹೇಳಿದೆ.

“ನಂಗೆ ಯಾಕೆ ಹೇಳ್ಲಿಲ್ಲ ಅವಳು?”

“ನೀವು ಕೇಳಿದ್ರಾ ಹೂವಪ್ನೋರೆ? ನಾನೂ ಕೇಳ್ಲಿಲ್ಲ.”

ಅವರಿಗೆ ಸಿಟ್ಟು ಬಂತು, ಬರಬೇಕಾದದ್ದೇ. “ಕಣ್ಣಿದೆ ಅಂತ ಆಣೆ ಮಾಡಿ ಬಂದಿದೀರಿ. ಒಪ್ಪಿಗೇನೂ ತಂದಿದೀರಿ. ಈಗ ಹುಡುಗೀಗೇ ಬೇಡವಂತೆ ಅಂತ ಯಾವ ಮುಖ ಇಟ್ಕೊಂಡು ಹೇಳೋದು? ಯಾರು ಹೋಗಿ ಹೇಳ್ತಾರೆ?”

“ನಾನೇ ಹೋಗ್ತೀನಿ. ನಾಳೆ ಬೆಳಿಗ್ಗೆ ಬಸ್ಸಿಗೆ” ಅಂದೆ. “ನಾನು ಬರೋ ತನಕ ಮಕ್ಕಳನ್ನ ನೋಡ್ಕಳೋಕೆ ಯಾರೂ ಇಲ್ಲ. ತುಂಗಾನ ಕಳ್ಸಿ.”

ಅಂಗಡಿಯ ಮುಂದೆ ಒಂದು ಗಾಡಿ ಹೋಯಿತು, ಧೂಳೆದ್ದಿತು, ಹೂವಪ್ಪ ಬೆಲ್ಲಕ್ಕೆ ಗೋಣಿ ಮುಚ್ಚಿದರು. ಸಾಕಪ್ಪಾ ಸಾಕು ಎಂದು ನಾನು ಮೆಟ್ಟಿಲು ಇಳಿಯುತ್ತಿದ್ದೆ.

“ಎಷ್ಟು ಗಂಟೆಗೆ ಕಳಿಸ್ಲಿ?” ಎಂದು ಕೇಳಿದರು.