ಅತ್ತೆಯ ಎದುರು ಇಂಗ್ಲಿಷ್ ನುಡಿಗಟ್ಟು

ಇಂಗ್ಲಿಷಿನವರಿಗೆ ಸಾವು, ಹೆಣ ಬಿಟ್ಟು ಬೇರೆ ಮಾತೇ ಸಿಗಲಿಲ್ಲವೇನೋ. ಅವರ ನುಡಿಗಟ್ಟು ಮತ್ತು ನನ್ನ ಅತ್ತೆಯ ನಡುವೆ ಸಿಕ್ಕು ನಾನು ಹಣ್ಣುಗಾಯಿ ನೀರುಗಾಯಿ ಆಗಿದ್ದೆ.

ಬಿ.ಎಡ್. ಮುಗಿಸಿ ತಾವರಗೇರಾದ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತವಳಿಗೆ ಕುಷ್ಟಗಿಯ ಇಂಗ್ಲಿಷ್ ಮಾಧ್ಯಮ ಶಾಲೆಯೊಂದರಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಹಿಂದೊಮ್ಮೆ ಕೊಪ್ಪಳದಲ್ಲಿ ನುಡಿಗಟ್ಟಿನ ಅರ್ಥ ಕೇಳಿದಾಗ ಬಾಯಿ ಕಟ್ಟಿ ನೌಕರಿ ತಪ್ಪಿತ್ತು. ಈ ಸಲವೂ ತಪ್ಪಿದರೆ ಮೇಷ್ಟ್ರಿಕೆಯ ಆಸೆಯನ್ನೇ ಬಿಡುವುದೆಂದು ನಿಶ್ಚಯಿಸಿದ್ದೆ. ಗಂಡ ಕಲ್ಲೇಶ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ನಾನು, ಅತ್ತೆ ಕಳಕಮ್ಮ ಇಬ್ಬರೇ. ಸಂಜೆ ಜೋರಾಗಿ ಬಾಯಿಪಾಠಕ್ಕೆ ಕೂತೆ.

"ಕಿಕ್ ದ ಬಕೆಟ್, ಅಂದರೆ ಸಾಯುವುದು."

ಅತ್ತೆ ಒಳಗಿನಿಂದ ಬಂದರು. "ದೀಪಾ ಹಚ್ಚೋ ಹೊತ್ತಿನ್ಯಾಗ ಎಂಥಾ ಮಾತವಾ ದಾನೇಶ್ವರಿ? ಬಿಡ್ತು ಅನ್ನ."

"ಇದು ಪಾಠ ಐತ್ರಿ ಅತ್ತಿ. ಬಕೀಟು ಒದಿಯೂದು ಅಂದ್ರ..."

"ಬಕೀಟರ ಒದಿ, ಕೊಡಾನರ ಒದಿ. ಮೊದ್ಲ ಬಿಡ್ತು ಅನ್ನ."

ಅಂದೆ. ಮುಂದಿನದು ಶವಪೆಟ್ಟಿಗೆಗೆ ಹೊಡೆಯುವ ಮೊಳೆ. ಬಿಡ್ತು. ಅದರ ಮುಂದಿನದು ಕಪಾಟಿನೊಳಗಿನ ಅಸ್ಥಿಪಂಜರ. ಬಿಡ್ತು. ದಿನಾ ಇದೇ ಆಗಿ, ಅರ್ಥ ನೆನಪಾಗುವ ಮೊದಲೇ ಬಾಯಿಗೆ ಬಿಡ್ತು ಬರತೊಡಗಿತು. ಒಂದು ಸಂಜೆ ತಲೆ ಕೆಟ್ಟು ಪುಸ್ತಕ ಮುಚ್ಚಿದೆ.

"ಅಕ್ಕಿ ತೀರಿದ್ರ ನೀವೂ ಹೆಚ್ಚಾಗ್ಯಾವ ಅಂತೀರಿ. ನಿಮ್ದೂ ಇದ ಧಾಟಿ ಅಲ್ಲೇನ್ರಿ?"

"ನಾವು ಕೆಟ್ಟದ್ದಕ್ಕ ಛಲೋ ಮಾತು ಆಡ್ತೀವಿ. ಅವರು?"

ಮೈಯೆಲ್ಲ ಉರಿದು, ಪುಸ್ತಕ ಎತ್ತಿಕೊಂಡು ಒಳಗೆ ನಡೆದೆ.

ಸಂದರ್ಶನದಲ್ಲಿ ಮುಖ್ಯಸ್ಥೆ ಕೇಳಿದ್ದೂ ಅದೇ ಹಾಳು ಬಕೆಟ್ಟು. "ಟು ಡೈ" ಎಂದೆ. ಅದರ ಬೆನ್ನಿಗೇ "ಬಿಡ್ತು" ಎಂದುಬಿಟ್ಟೆ. ಕೇರಳದ ಕಡೆಯ ಆಕೆ ಪೆನ್ನು ಕೆಳಗಿಟ್ಟು, ಹಾಗೆಂದರೇನು, ಇಂಗ್ಲಿಷಿನಲ್ಲೇ ಹೇಳಿ ಎಂದರು. ಈ ನೌಕರಿಯೂ ಹೋಯಿತು ಎಂದು ಅತ್ತೆಗೆ ಮನಸ್ಸಿನಲ್ಲೇ ಬೈದೆ.

ಕೆಟ್ಟ ಮಾತು ಬಾಯಿಂದ ಬಿದ್ದರೆ ಅದು ಯಾರಿಗೂ ತಾಕದಿರಲಿ ಎಂದು ಹಾಗನ್ನುತ್ತೇವೆ ಎಂದು ತಡವರಿಸುತ್ತ ಹೇಳಿದೆ. ಯಾರಿಗೆ ತಾಕೀತೆಂದು ಭಯ ಎಂದು ಅವರು ಕೇಳಿದರು. ನನ್ನ ಗಂಡ ಗಂಗಾವತಿಯಿಂದ ಅಕ್ಕಿ ತುಂಬಿಕೊಂಡು ದೂರದೂರಿಗೆ ಲಾರಿ ಓಡಿಸುತ್ತಾರೆ, ಮನೆಯಲ್ಲಿ ಅವರ ತಾಯಿ ಇದ್ದಾರೆ ಎಂದೆ. ಅಷ್ಟು ಹೇಳುವಾಗಲೇ ನನಗೆ ಹೊಳೆಯಿತು. ಅತ್ತೆ ನನ್ನನ್ನು ಕಾಡುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಮಗನನ್ನು ಕಾಯುತ್ತಿದ್ದರು. ಆಮೇಲೆ ಪುಸ್ತಕದ ಇಂಗ್ಲಿಷ್ ಮರೆತು, ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಅತ್ತೆಯ ಬಗ್ಗೆಯೇ ಮಾತಾಡಿದೆ.

ಸೋಮವಾರದಿಂದ ಬನ್ನಿ ಎಂದರು ಮುಖ್ಯಸ್ಥೆ. ಹೊರಗೆ ಬಂದು, ಬಸ್ ನಿಲ್ದಾಣದಿಂದ ಅತ್ತೆಗೆ ಫೋನ್ ಹಚ್ಚಿ ಸುದ್ದಿ ಹೇಳಿದೆ.

"ಛಲೋ ಆತು ಬಿಡವಾ. ಕಲ್ಲೇಶಂದು ಫೋನ್ ಬಂದಿತ್ತೇನು?"

ಇಷ್ಟು ದೊಡ್ಡ ಸುದ್ದಿಗೂ ಇಷ್ಟೇನಾ ಎಂದು ಬೇರೆ ದಿನವಾಗಿದ್ದರೆ ರೇಗುತ್ತಿದ್ದೆ. ಇವತ್ತು ಅವರಿಗೂ ಮೊದಲು ನಾನು ಫೋನ್ ಹಚ್ಚಿದ್ದು ಗಂಡನಿಗೆ. ನೌಕರಿಯ ಮಾತು ತೆಗೆಯುವ ಮುಂಚೆ ಎಲ್ಲಿದ್ದೀರಿ ಎಂದು ಕೇಳಿದ್ದೆ.

"ಸೊಲ್ಲಾಪುರ ಮುಟ್ಯಾರಂತ್ರಿ ಅತ್ತಿ," ಎಂದೆ. "ಉಂಡಾರಂತ."